ಎಡಗೈಯ ರುಚಿ

ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರು.
ಒಲೆಯ ಪಕ್ಕ ಸ್ಟೂಲಿನ ಮೇಲೆ ಮಂಚಮ್ಮ,
ಒಲೆಯ ಮುಂದೆ ನಾನು.
ಮಂಡ್ಯದ ಗುತ್ತಲು ರಸ್ತೆಯ ಈ ಅಡುಗೆಮನೆಯಲ್ಲಿ
ಮೂವತ್ತೆಂಟು ವರ್ಷಕ್ಕೆ ಮೊದಲ ಸಲ
ಜಾಗ ಅದಲು ಬದಲು.

ಸಂಜೆ ಎದುರುಮನೆಯ ಫರ್ಹಾನಾ
ನಲವತ್ತು ದಿನದ ಕೂಸು ಎತ್ತಿಕೊಂಡು ತವರಿಂದ ಬರುತ್ತಾಳೆ.
'ಗಸಗಸೆ ಪಾಯಸ ನಂದು' ಅಂತ
ಕೈ ನೆಟ್ಟಗಿದ್ದಾಗ ಕೊಟ್ಟ ಮಾತು.
ಮಾತು ಅವಳದು,
ಸೌಟು ನನ್ನದು.

"ಗಸಗಸೆ ಬೆಚ್ಚಗಾದ್ರೆ ಸಾಕು,
ಬಣ್ಣ ತಿರುಗಿದ್ರೆ ಕಹಿ.
ಅಕ್ಕಿ ಒಂದೇ ಚಮಚ,
ಮೇಲಾದ್ರೆ ಅದು ಪಾಯಸ ಅಲ್ಲ, ಪೋಸ್ಟರ್ ಅಂಟಿಸೋ ಗೋಂದು.
ನೆನೆಸಿ. ಅವಸರ ಬ್ಯಾಡ.
ನೆನೀದ ಗಸಗಸೆ ಮಿಕ್ಸಿಗೆ ಬಗ್ಗಲ್ಲ,
ಹಲ್ಲಿಗೆ ಮರಳು."

ನಾನು ಸಕ್ಕರೆಯವನು, ಸ್ವಾಮಿ.
ಕಾರ್ಖಾನೆಯಲ್ಲಿ ಪ್ಯಾನ್ ಮುಂದೆ ನಿಂತು
ಗಾಜಿನ ಪಟ್ಟಿಯ ಮೇಲೆ ಪಾಕದ ಹನಿ ಎಳೆದು
ಬಲ್ಬಿಗೆ ಹಿಡಿದು ಹರಳು ನೋಡಿದವನು.
ಟನ್ನುಗಟ್ಟಲೆ ಇಳಿಸಿದೆ, ಒಂದು ಸಲ ಕೆಡಲಿಲ್ಲ.
ಮನೆಯಲ್ಲಿ ಮಾತ್ರ,
ಒಂದು ದೀಪಾವಳಿ, ಅರ್ಧ ಕೇಜಿ ಮೈಸೂರು ಪಾಕ್,
ಥರ್ಮಾಮೀಟರು ಹಿಡಿದು ಕಾದೂ ಕಾದೂ
ಕೊನೆಗೆ ಸುತ್ತಿಗೆ ಕೇಳಿದೆ.
ಇವಳು ನಗಲಿಲ್ಲ.
ಚೂರು ಕುಟ್ಟಿ, ಹಾಲು ಚಿಮುಕಿಸಿ,
ಮತ್ತೆ ಒಲೆಗೇರಿಸಿ ಉಂಡೆ ಕಟ್ಟಿದಳು.
"ಪಾಕ ಕಣ್ಣಿಗೆ ಹೇಳಲ್ಲ, ಬೆರಳಿಗೆ ಹೇಳ್ತದೆ."
ನಕ್ಕಿದ್ದು ಮಾರನೆಯ ದಿನ,
ಫೋನಿನಲ್ಲಿ, ತಂಗಿಯ ಜೊತೆ.

ಈಗ ಬೆಲ್ಲ.
ಅಚ್ಚನ್ನು ಹಾಗೇ ಪಾತ್ರೆಗೆ ಹಾಕಲು ಹೋದೆ.
"ಅಯ್ಯೋ ನಿಲ್ಲಿ! ಕಬ್ಬಿನ ಗದ್ದೆ ಮಣ್ಣೆಲ್ಲ
ಬಾಣಂತಿಗೆ ಕುಡಿಸ್ತೀರಾ?
ಒಸಿ ನೀರಲ್ಲಿ ಕರಗ್ಸಿ, ಸೋಸಿ, ತಳ ನೋಡಿ."
ನೋಡಿದೆ.
ಜರಡಿಯಲ್ಲಿ ಚಿಟಿಕೆ ಮರಳು,
ಕಬ್ಬಿನ ಒಂದೆಳೆ ನಾರು,
ಯಾವುದೋ ಆಲೆಮನೆಯ ಇರುವೆ.
"ಹೊಂಬಣ್ಣದ ಬೆಲ್ಲಕ್ಕೆ ಮರುಳಾಗ್ಬ್ಯಾಡಿ,
ಕಪ್ಪಗಿರೋದೇ ನಿಜ ಹೇಳೋದು."
ಬೆಳ್ಳಗೆ ಮಾಡುವುದಕ್ಕೇ ಸಂಬಳ ಎಣಿಸಿದವನು
ತಲೆಯಾಡಿಸಿದೆ.

ಕಾಯಿ ತುರಿಯುವಾಗ ಕರಟದ ಕಪ್ಪು ಬರಬಾರದು,
ಏಲಕ್ಕಿಯನ್ನು ಒಂದು ಚಮಚ ಸಕ್ಕರೆಯ ಜೊತೆ ಕುಟ್ಟಿದರೆ ನುಣ್ಣಗೆ,
ಅದರ ಸಿಪ್ಪೆ ಟೀ ಡಬ್ಬಿಗೆ,
ಗೋಡಂಬಿ ಕೆಂಪಾಗುವ ಮುಂಚೆಯೇ ಇಳಿಸಿದರೆ
ಉಳಿದ ಕೆಂಪು ತುಪ್ಪದ ಬಿಸಿಗೇ ಬರುತ್ತದೆ.
ಆಮೇಲೆ ಎರಡು ಕಲ್ಲು ಉಪ್ಪು.
ಪಾಯಸಕ್ಕಾ, ಅಂದೆ.
"ಯಾಕೆ ಅಂತ ಕೇಳ್ಬ್ಯಾಡಿ. ಹಾಕಿ."

ಹಾಲಿನ ಪಾತ್ರೆ ಎತ್ತಿದೆ.
ಪ್ಲಾಸ್ಟರಿನ ಕೈಯೇ ಅಡ್ಡ ಬಂತು.
"ಕುದಿಯೋ ಬೆಲ್ಲಕ್ಕೆ ಹಾಲಾ? ಒಡೆದೋಗ್ತದೆ.
ಒಲೆ ಆರ್ಸಿ. ಬೆರಳು ತಡ್ಕೊಳ್ಳೋ ಹಾಗಾಗ್ಲಿ.
ಕೂತ್ಕಳಿ."

ಕೂತೆ.
ಅಡುಗೆಮನೆಯಲ್ಲಿ ಸುಮ್ಮನೆ ಕೂರುವ ಕೆಲಸವೂ ಉಂಟೆಂದು
ಗೊತ್ತಿರಲಿಲ್ಲ.
ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರು ಹೋಯಿತು,
ಹಿಂದೆಯೇ ಓಡಿದ ಹುಡುಗರು ಒಂದು ಜಲ್ಲೆ ಎಳೆದುಕೊಂಡರು.
ಪ್ಲಾಸ್ಟರಿನೊಳಗೆ ತುರಿಕೆ ಅಂದಳು.
ಪೊರಕೆಯಿಂದ ಹೊಸ ಕಡ್ಡಿ ಕಿತ್ತು, ತೊಳೆದು,
ಸಂದಿಯಲ್ಲಿ ತೂರಿಸಿ ಮೆಲ್ಲಗೆ ಕೆರೆದೆ.
"ಇನ್ನೊಸಿ ಒಳಗೆ. ಹ್ಞಾ, ಅಲ್ಲೇ."

ಹಾಲು ಬೆರೆಸಿದೆ. ಒಡೆಯಲಿಲ್ಲ.
ಸೌಟು ಅವಳತ್ತ ಚಾಚಿದೆ.
ಬಲಗೈ ಒಡ್ಡಲು ಹೋಗಿ, ನೆನಪಾಗಿ,
ಎಡಗೈಯನ್ನು ಸೆರಗಲ್ಲಿ ಒರೆಸಿದಳು,
ದೇವರ ಗೂಡಿನ ಕಡೆ ಒಮ್ಮೆ ನೋಡಿ
ಅಂಗೈ ಒಡ್ಡಿದಳು.
ನೆಕ್ಕಿ, ಸ್ವಲ್ಪ ಹೊತ್ತು
ಕಾರ್ಖಾನೆಯ ಕೆಮಿಸ್ಟನ ಹಾಗೆ
ಗೋಡೆ ನೋಡುತ್ತ ಕೂತಳು.

"ಏಲಕ್ಕಿ ಒಸಿ ಜಾಸ್ತಿ.
ಸಂಜೆ ಹೊತ್ಗೆ ಇಳಿದೋಗ್ತದೆ, ಬುಡಿ.
ಮುಚ್ಚಳ ಪೂರ್ತಿ ಮುಚ್ಬ್ಯಾಡಿ, ಆವಿ ನೀರು ಬಿದ್ರೆ ಕೆಡ್ತದೆ.

ನಂಗೊಂದು ಲೋಟ ಈಗ್ಲೇ ಹಾಕಿ."